ಮನೆಯಿಲ್ಲದ ಹೆಣ್ಣಿನ ಗುರುತು: ಗರಿಯಾಹಾಟಿನ ಫುಟ್‌ಪಾತ್‌ನಿಂದ ಕೆಲವು ಟಿಪ್ಪಣಿಗಳು

ಕನ್ನಡದ ‘ಗರತಿ’ ಎಂಬ ಪದವನ್ನು ನಿಘಂಟುಕಾರರು ಸಂಸ್ಕೃತದ ‘ಗೃಹಸ್ಥೆ’ಯೊಡನೆ ಸಂಬಂಧಿಸುತ್ತಾರೆ. ಮನೆಯಲ್ಲಿರುವವಳು ಎಂಬಷ್ಟೇ ಅರ್ಥವಿದ್ದ ಮಾತು ಕಾಲಕ್ರಮದಲ್ಲಿ ಶೀಲವತಿ ಎಂಬ ಅರ್ಥವನ್ನು ತಳೆಯಿತು. ಬಂಗಾಳಿಯಲ್ಲಿ ‘ಗೃಹಿಣಿ’ಯೇ ಸವೆದು ‘ಗಿನ್ನಿ’ಯಾಗಿದ್ದಾಳೆ. ಈ ಪದಗಳಿಗೆ ಎದುರಾಗಿ ನಮ್ಮಲ್ಲಿ ‘ಬೀದಿಗೆ ಬಿದ್ದವಳು’ ಎಂಬ ಮಾತಿದೆ. ಅವರಲ್ಲಿ ‘ರಾಸ್ತಾರ್ ಮೇಯೆ’ ಎಂಬ ಮಾತಿದೆ. ಗಂಡಸು ಬೀದಿಗೆ ಬಿದ್ದನೆಂದರೆ ಆಸ್ತಿ ಕಳೆದುಕೊಂಡನೆಂದು ಜನ ತಿಳಿಯುತ್ತಾರೆ. ಹೆಂಗಸು ಬೀದಿಗೆ ಬಿದ್ದಳೆಂದರೆ ಕಳೆದುಕೊಂಡದ್ದು ಆಸ್ತಿಯೆಂದು ಯಾರೂ ತಿಳಿಯುವುದಿಲ್ಲ. ನಮ್ಮ ಹೆಣ್ಣುಮಕ್ಕಳು ಗಂಡನನ್ನು ಹೆಸರು ಹಿಡಿದು ಹೇಳದೆ ‘ನಮ್ಮ ಮನೆಯವರು’ ಎನ್ನುವುದು ವಾಡಿಕೆ. ಮನೆಯೇ ಇಲ್ಲದವಳು ಅವನನ್ನು ಏನೆಂದು ಕರೆಯಬೇಕು ಎಂಬ ಪ್ರಶ್ನೆಯನ್ನು ಭಾಷೆ ಕೇಳಿಕೊಂಡಂತೆಯೇ ಕಾಣುವುದಿಲ್ಲ.

ಹೆಣ್ಣಿನ ಗೌರವವನ್ನು ಸೂಚಿಸುವ ಪದದೊಳಗೇ ಮನೆ ಅಡಗಿರುವಾಗ, ಮನೆಯಿಲ್ಲದ ಹೆಣ್ಣು ತನ್ನನ್ನು ತಾನು ಯಾರೆಂದು ಹೇಳಿಕೊಳ್ಳುತ್ತಾಳೆ? ತನ್ನ ಮೇಲೆ ಬಿದ್ದ ಕಳಂಕವನ್ನು ಯಾವ ಬಗೆಯಲ್ಲಿ ಹೊರುತ್ತಾಳೆ, ಯಾವ ಬಗೆಯಲ್ಲಿ ಕೆಳಗಿಳಿಸುತ್ತಾಳೆ? ಪ್ರಸ್ತುತ ಲೇಖನವು ಕಲ್ಕತ್ತೆಯ (ಈಗಿನ ಕೊಲ್ಕತ್ತಾ) ಗರಿಯಾಹಾಟ್ ಪರಿಸರವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿವರಿಸಲು ಯತ್ನಿಸುತ್ತದೆ. ಮಧ್ಯಕಾಲೀನ ಸಾಹಿತ್ಯದ ಅಧ್ಯಯನಕಾರನಿಗೆ ಈ ವಿಷಯದಲ್ಲೇನು ಕೆಲಸ ಎಂದು ಕೇಳಬಹುದು. ಪದಗಳ ಚರಿತ್ರೆಯಲ್ಲಿ ಆಸಕ್ತಿಯಿರುವವನಿಗೆ ಇಲ್ಲಿ ಸಾಕಷ್ಟು ಕೆಲಸವಿದೆ.

ರಾಸಬಿಹಾರಿ ಅವೆನ್ಯೂ ಮತ್ತು ಗರಿಯಾಹಾಟ್ ರಸ್ತೆ ಕೂಡುವ ಚೌಕವೇ ದಕ್ಷಿಣ ಕಲ್ಕತ್ತೆಯ ಮಧ್ಯಮವರ್ಗದ ಪೇಟೆ. ಸೀರೆಯಂಗಡಿಗಳ ಮುಂದೆ ಫುಟ್‌ಪಾತ್‌ನ ಉದ್ದಕ್ಕೂ ಹಾಕರರ ಮಳಿಗೆಗಳು. ಪಶ್ಚಿಮಕ್ಕೆ ಹೋದರೆ ದಕ್ಷಿಣ ಭಾರತೀಯರು ಬಹುಕಾಲದಿಂದ ನೆಲೆಸಿರುವ ಲೇಕ್ ಮಾರ್ಕೆಟ್ ಭಾಗ. ಪೂರ್ವಕ್ಕೆ ಸುಮಾರು ಒಂದು ಕಿಲೋಮೀಟರ್ ನಡೆದರೆ ಬಾಲಿಗಂಜ್ ರೈಲು ನಿಲ್ದಾಣ. ಕ್ಯಾನಿಂಗ್, ಲಕ್ಷ್ಮೀಕಾಂತಪುರ, ಡೈಮಂಡ್ ಹಾರ್ಬರ್ ಕಡೆಯ ಲೋಕಲ್ ರೈಲುಗಳು ನಸುಕಿನಲ್ಲಿ ಇಲ್ಲಿ ಸಾವಿರಾರು ಮನೆಗೆಲಸದ ಹೆಂಗಸರನ್ನು ಇಳಿಸುತ್ತವೆ. 1996ರ ನವೆಂಬರಿನಲ್ಲಿ ‘ಆಪರೇಷನ್ ಸನ್‌ಶೈನ್’ ಎಂಬ ಹೆಸರಿನಲ್ಲಿ ಒಂದು ರಾತ್ರಿ ಇಲ್ಲಿನ ಮಳಿಗೆಗಳನ್ನು ಕೆಡವಲಾಯಿತು. ಹಾಕರರು ಸಂಘಟಿತರಾದರು, ಮೆಲ್ಲಮೆಲ್ಲನೆ ಮರಳಿದರು; 2014ರಲ್ಲಿ ಬೀದಿ ವ್ಯಾಪಾರಿಗಳಿಗೆ ರಾಷ್ಟ್ರಮಟ್ಟದ ಕಾಯಿದೆಯೂ ಬಂದಿತು. ಅದೇ ಕಲ್ಲುಹಾಸಿನ ಮೇಲೆ ಅಂಗಡಿ ಮುಚ್ಚಿದ ಬಳಿಕ ಮಲಗುವವರ ವಿಷಯ ಬೇರೆ. ಮಾರುವವನಿಗೆ ಫುಟ್‌ಪಾತ್‌ನ ಮೇಲೆ ಒಂದು ಹಕ್ಕಿನ ಹೆಸರು ದೊರೆಯಿತು, ಮಲಗುವವಳಿಗೆ ದೊರೆಯಲಿಲ್ಲ.

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ವಸತಿರಹಿತರ ಸಂಖ್ಯೆ 17.7 ಲಕ್ಷ, ಕಲ್ಕತ್ತೆಯಲ್ಲಿ ಅದು ಸುಮಾರು 70 ಸಾವಿರ. ಫೆಬ್ರವರಿ 28ರ ಒಂದೇ ರಾತ್ರಿಯಲ್ಲಿ ಎಣಿಸಿದ ಲೆಕ್ಕವಿದು. ರಸ್ತೆಬದಿ, ಫುಟ್‌ಪಾತ್, ಸಿಮೆಂಟ್ ಕೊಳವೆ, ಮೇಲ್ಸೇತುವೆಯ ಕೆಳಗು, ಮೆಟ್ಟಿಲಿನ ಕೆಳಗು, ದೇವಾಲಯದ ಹಜಾರ, ರೈಲ್ವೆ ಪ್ಲಾಟ್‌ಫಾರಂ ಮೊದಲಾದ ತೆರೆದ ಜಾಗಗಳಲ್ಲಿ ಇರುವವರನ್ನು ಜನಗಣತಿ ವಸತಿರಹಿತರೆಂದು ಗುರುತಿಸುತ್ತದೆ. ರಾತ್ರಿ ಹೊತ್ತು ಬೆಳಕಿಗೆ ಬೀಳದಂತೆ ಅಡಗಿ ಮಲಗುವುದೇ ಒಂಟಿ ಹೆಂಗಸಿನ ಮೊದಲ ರಕ್ಷಣೆ. ಆದ್ದರಿಂದ ಇಂಥ ಗಣತಿಯಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು ತಪ್ಪಿಹೋಗುತ್ತಾರೆಂದು ಭಾವಿಸಲು ಕಾರಣವಿದೆ.

ಈ ವಿಷಯದ ಶಾಸ್ತ್ರೀಯ ಚರ್ಚೆ ಎರ್ವಿಂಗ್ ಗಾಫ್‌ಮನ್ 1963ರಲ್ಲಿ ಪ್ರಕಟಿಸಿದ ‘ಸ್ಟಿಗ್ಮಾ’ ಎಂಬ ಗ್ರಂಥದಿಂದ ಆರಂಭವಾಗುತ್ತದೆ. ಗುಲಾಮ, ಅಪರಾಧಿ ಮೊದಲಾದವರನ್ನು ಬೇರ್ಪಡಿಸಲು ಗ್ರೀಕರು ಅವರ ಮೈಮೇಲೆ ಕೊರೆದ ಅಥವಾ ಸುಟ್ಟ ಗುರುತಿಗೆ ಆ ಹೆಸರಿತ್ತೆಂದು ಆತ ನೆನಪಿಸುತ್ತಾನೆ. ನಮ್ಮ ಭಾಷೆಯಲ್ಲಿ ‘ಗುರುತು’ ಎಂಬ ಒಂದೇ ಪದ ಮೈಮೇಲಿನ ಕಲೆಗೂ ವ್ಯಕ್ತಿಯ ಪರಿಚಯಕ್ಕೂ ಸಲ್ಲುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಇಂಗ್ಲಿಷಿನಲ್ಲಿ ಎರಡು ಪದಗಳಾಗಿ ಒಡೆದಿರುವುದು ಕನ್ನಡದಲ್ಲಿ ಒಡೆದಿಲ್ಲ. ಗಾಫ್‌ಮನ್ ಕಳಂಕಿತರಲ್ಲಿ ಎರಡು ಬಗೆ ಮಾಡುತ್ತಾನೆ: ಕಳಂಕ ಈಗಾಗಲೇ ಎಲ್ಲರಿಗೂ ಕಾಣುವಂಥವರು, ಬಯಲಾದರೆ ಮಾತ್ರ ಕಳಂಕಿತರಾಗುವವರು. ಎರಡನೆಯವರ ಮುಖ್ಯ ಉಪಾಯ ಮರೆಮಾಚುವುದು. ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದ ಬೀದಿವಾಸಿಗಳನ್ನು 1980ರ ದಶಕದಲ್ಲಿ ಅಧ್ಯಯನ ಮಾಡಿದ ಡೇವಿಡ್ ಸ್ನೋ ಮತ್ತು ಲಿಯಾನ್ ಆ್ಯಂಡರ್ಸನ್ ಎಂಬವರು, ಅವರು ತಮ್ಮ ಘನತೆಯನ್ನು ಮಾತಿನ ಮೂಲಕವೇ ಕಟ್ಟಿಕೊಳ್ಳುತ್ತಾರೆಂದು ತೋರಿಸಿದರು. ‘ನಾನು ಇವರಂಥವನಲ್ಲ’ ಎಂದು ದೂರ ಸರಿಯುವುದು, ‘ಹೌದು, ನಾನು ಬೀದಿಯವನೇ’ ಎಂದು ಅಪ್ಪಿಕೊಳ್ಳುವುದು, ಹಿಂದಿನ ಅಥವಾ ಮುಂದಿನ ಬದುಕಿನ ಕಥೆ ಹೆಣೆಯುವುದು ಎಂಬ ಮೂರು ದಾರಿಗಳನ್ನು ಅವರು ಹೆಸರಿಸುತ್ತಾರೆ. ಅವರು ಮಾತನಾಡಿಸಿದವರಲ್ಲಿ ಬಹುಪಾಲು ಗಂಡಸರು. 1993ರಲ್ಲಿ ಎಲಿಯಟ್ ಲೀಬೊ ವಾಷಿಂಗ್ಟನ್ ನಗರದ ಸಮೀಪದ ಮಹಿಳಾ ಆಶ್ರಯತಾಣಗಳನ್ನು ಕುರಿತು ಬರೆದ ಪುಸ್ತಕ ಆ ಕೊರತೆಯನ್ನು ಕೊಂಚ ತುಂಬಿತು.

ಈ ಚೌಕಟ್ಟನ್ನು ಗರಿಯಾಹಾಟಿಗೆ ತಂದರೆ ಒಂದು ತೊಡಕು ಎದುರಾಗುತ್ತದೆ. ಅಮೆರಿಕದ ಗ್ರಂಥಗಳಲ್ಲಿ ಬರುವ ಬೀದಿವಾಸಿ ಪ್ರಾಯಶಃ ಒಬ್ಬಂಟಿ, ಸಂಸಾರದಿಂದ ಕಳಚಿಬಿದ್ದವನು. ಕಲ್ಕತ್ತೆಯ ಫುಟ್‌ಪಾತ್‌ನಲ್ಲಿ ಇಡೀ ಸಂಸಾರಗಳಿವೆ. ಅಲ್ಲಿಯೇ ಹುಟ್ಟಿ ಅಲ್ಲಿಯೇ ಮಕ್ಕಳನ್ನು ಹೆತ್ತ ಹೆಂಗಸರಿದ್ದಾರೆ. ಅವರಲ್ಲಿ ಹೆಚ್ಚಿನವರು ನಿರುದ್ಯೋಗಿಗಳಲ್ಲ. ಪಾತ್ರೆ ತೊಳೆಯುವುದು, ಕಾಗದ ಆಯುವುದು, ತರಕಾರಿ ಮಾರುವುದು ಅವರ ದುಡಿಮೆಗಳು. ದುಡಿಮೆಯ ಜಾಗಕ್ಕೆ ಹತ್ತಿರವಿರಬೇಕೆಂದೇ ಜನ ಫುಟ್‌ಪಾತ್‌ನಲ್ಲಿ ನೆಲೆಸುತ್ತಾರೆಂಬುದನ್ನು 1985ರಲ್ಲಿ ಸರ್ವೋಚ್ಚ ನ್ಯಾಯಾಲಯವು ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ಒಪ್ಪಿಕೊಂಡಿತು. ಜೀವನೋಪಾಯದ ಹಕ್ಕು ಜೀವಿಸುವ ಹಕ್ಕಿನ ಭಾಗವೆಂದು ಸಾರಿದ ಅದೇ ತೀರ್ಪು, ಸೂಚನೆ ಕೊಟ್ಟು ತೆರವು ಮಾಡಬಹುದೆಂದೂ ಹೇಳಿತು. ಅದೇ ವರ್ಷ ಮುಂಬಯಿಯ ‘ಸ್ಪಾರ್ಕ್’ ಸಂಸ್ಥೆ ಬೈಕಲಾ ಭಾಗದ ಫುಟ್‌ಪಾತ್ ನಿವಾಸಿಗಳನ್ನು ಎಣಿಸಿ, ‘ಕಣ್ಣಿಗೆ ಕಾಣದ ನಾವು’ ಎಂಬರ್ಥದ ಹೆಸರಿನ ವರದಿಯನ್ನು ಪ್ರಕಟಿಸಿತು. ಆ ಕೆಲಸದಿಂದಲೇ ಮರುವರ್ಷ ಅಲ್ಲಿನ ಹೆಂಗಸರ ‘ಮಹಿಳಾ ಮಿಲನ್’ ಎಂಬ ಸಂಘಟನೆ ರೂಪುಗೊಂಡಿತು.

ಬಂಗಾಳಿಗಳಲ್ಲಿ ಹೊಸಬರನ್ನು ಕಂಡೊಡನೆ ಕೇಳುವ ಪ್ರಶ್ನೆ ‘ಬಾಡಿ ಕೋಥಾಯ್?’, ಅಂದರೆ ನಿಮ್ಮ ಮನೆಯೆಲ್ಲಿ ಎಂದು. ಇಲ್ಲಿ ‘ಬಾಡಿ’ ಎಂದರೆ ವಂಶದ ಮನೆ, ಮೂಲದ ಮನೆ. ಪಟ್ಟಣದಲ್ಲಿ ಬದುಕಿಗಾಗಿ ಮಾಡಿಕೊಂಡ ಬಿಡಾರಕ್ಕೆ ‘ಬಾಸಾ’ ಎಂಬ ಬೇರೆ ಪದವಿದೆ. ಹಳ್ಳಿಗೆ ‘ದೇಶ್’ ಎಂಬ ಮಾತೂ ಬಳಕೆಯಲ್ಲಿದೆ. ಕಲ್ಕತ್ತೆಯಲ್ಲಿ ಮೂರು ಅಂತಸ್ತಿನ ಕಟ್ಟಡದಲ್ಲಿರುವವರೂ ತಮ್ಮ ‘ದೇಶ್’ ಬರಿಸಾಲ್ ಎಂದೋ ಬಾಂಕುಡಾ ಎಂದೋ ಹೇಳುತ್ತಾರೆ. ಈ ಭಾಷಿಕ ವ್ಯವಸ್ಥೆ ಮನೆಯಿಲ್ಲದ ಹೆಂಗಸಿಗೆ ಅನಿರೀಕ್ಷಿತ ಆಸರೆಯಾಗುತ್ತದೆ. ಪ್ರಶ್ನೆಗೆ ಉತ್ತರವಾಗಿ ಅವಳು ದಕ್ಷಿಣ ಇಪ್ಪತ್ನಾಲ್ಕು ಪರಗಣದ ಒಂದು ಹಳ್ಳಿಯನ್ನು ಹೆಸರಿಸುತ್ತಾಳೆ. ಅವಳು ಸುಳ್ಳು ಹೇಳಿದಂತಾಗುವುದಿಲ್ಲ. ಭಾಷೆಯ ನಿಯಮದಂತೆಯೇ ಉತ್ತರಿಸಿದ್ದಾಳೆ. ಅಲ್ಲಿ ಈಗ ಅವಳಿಗೆ ಗೋಡೆ ಮಾಡು ಇರಬೇಕೆಂದಿಲ್ಲ. ನದಿ ಕೊಚ್ಚಿಕೊಂಡು ಹೋಗಿರಬಹುದು, ದಾಯಾದಿಗಳು ಹಿಡಿದುಕೊಂಡಿರಬಹುದು. ಆದರೂ ‘ಬಾಡಿ’ ಅಲ್ಲಿದೆ. ಹೀಗಾಗಿ ಗರಿಯಾಹಾಟಿನ ಕಲ್ಲುಹಾಸು ಅವಳ ಮಾತಿನಲ್ಲಿ ಮನೆಯಿಲ್ಲದ ಸ್ಥಿತಿಯಾಗದೆ ಒಂದು ಬಗೆಯ ‘ಬಾಸಾ’ ಆಗಿಬಿಡುತ್ತದೆ. ಸ್ನೋ ಮತ್ತು ಆ್ಯಂಡರ್ಸನ್ ಇದನ್ನು ಕಟ್ಟುಕಥೆ ಎಂದು ವರ್ಗೀಕರಿಸಿಯಾರು. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಊರಿನ ಹೆಸರು ಹೇಳುವ ಪ್ರಾಧ್ಯಾಪಕನನ್ನು ಕಟ್ಟುಕಥೆಗಾರನೆಂದು ನಾವು ಕರೆಯುವುದಿಲ್ಲವಷ್ಟೆ.

ಆದರೆ ಹೆಣ್ಣಿಗೆ ಈ ಆಸರೆಯೂ ಪೂರ್ತಿಯಾಗಿ ದಕ್ಕುವುದಿಲ್ಲ. ಅವಳಿಗೆ ಬಂಗಾಳಿಯಲ್ಲಿ ಎರಡು ಮನೆಗಳಿವೆ: ‘ಬಾಪೇರ್ ಬಾಡಿ’ ಮತ್ತು ‘ಶ್ವಶುರ್ ಬಾಡಿ’. ನಮ್ಮ ತವರು, ಅತ್ತೆಮನೆಗಳಂತೆ ಎರಡೂ ಬೇರೆಯವರವು. ಗಂಡ ಬಿಟ್ಟವಳಿಗೆ ಎರಡನೆಯದು ಇಲ್ಲ. ತಂದೆ ಸತ್ತ ಮೇಲೆ ಮೊದಲನೆಯದು ಅಣ್ಣತಮ್ಮಂದಿರದು. ಏಕ್‌ಡಾಲಿಯಾ, ಸಿಂಘಿ ಪಾರ್ಕ್ ಮೊದಲಾಗಿ ಗರಿಯಾಹಾಟ್ ಸುತ್ತಲಿನ ದುರ್ಗಾಪೂಜೆಗಳು ನಗರದಲ್ಲೆಲ್ಲ ಪ್ರಸಿದ್ಧ. ದುರ್ಗೆ ಆ ಕೆಲವು ದಿನ ಮಕ್ಕಳೊಡನೆ ತವರಿಗೆ ಬಂದ ಮಗಳೆಂಬುದು ಬಂಗಾಳದ ಭಾವನೆ; ಅವಳ ಬರವು ಮತ್ತು ಅಗಲಿಕೆಯನ್ನು ಕುರಿತ ಆಗಮನಿ, ವಿಜಯಾ ಹಾಡುಗಳ ಪರಂಪರೆಯೇ ಇದೆ. ತವರಿಗೆ ಬಂದ ದೇವಿಗಾಗಿ ಬಿದಿರು ಬಟ್ಟೆಗಳ ಅರಮನೆ ಏಳುವ ಬೀದಿಯಲ್ಲಿ, ಜನಜಂಗುಳಿಯ ಆ ರಾತ್ರಿಗಳಂದು ಮಲಗಲು ಜಾಗವೇ ಇರುವುದಿಲ್ಲ. ಇದನ್ನು ವ್ಯಂಗ್ಯವೆಂದು ಬಳಸಿಕೊಳ್ಳುವುದು ಕವಿಗಳಿಗೆ ಸುಲಭ. ಫುಟ್‌ಪಾತ್‌ನ ಹೆಂಗಸಿಗೆ ಅದೇ ಹಬ್ಬ ವರ್ಷದ ಒಳ್ಳೆಯ ಸಂಪಾದನೆಯ ಕಾಲವೂ ಹೌದು.

ದುಡಿಮೆಯ ಹೆಸರುಗಳಲ್ಲಿಯೂ ಇಂಥದೇ ಚರಿತ್ರೆಯಿದೆ. ಮನೆಗೆಲಸದವಳಿಗೆ ಬಂಗಾಳಿಯಲ್ಲಿ ‘ಝಿ’ ಎನ್ನುತ್ತಿದ್ದರು. ಆ ಪದದ ಮೂಲಾರ್ಥ ಮಗಳು. ಮಗಳೆಂಬ ಪದ ಆಳಾಗಿ ಇಳಿದ ಮೇಲೆ, ಈಗ ಸಭ್ಯರ ಮನೆಗಳಲ್ಲಿ ಅದನ್ನು ಬಿಟ್ಟು ‘ಮಾಸಿ’ ಅಥವಾ ‘ದಿದಿ’ ಎನ್ನುತ್ತಾರೆ. ಮಾಸಿ ಎಂದರೆ ತಾಯಿಯ ತಂಗಿ ಅಥವಾ ಅಕ್ಕ. ಅವಳು ಮನೆಯೊಡತಿಯನ್ನು ‘ಬೌದಿ’ (ಅತ್ತಿಗೆ) ಎಂದೋ ‘ಮಾಸಿಮಾ’ ಎಂದೋ ಕರೆಯುತ್ತಾಳೆ. ಇವು ಪೊಳ್ಳು ಸಂಬಂಧವಾಚಕಗಳೆಂದು ತಳ್ಳಿಹಾಕುವುದು ಅವಸರದ ತೀರ್ಮಾನ. ಬೀದಿಯಲ್ಲಿ ಬರೀ ‘ಏಯ್’ ಎಂದು ಕೂಗಿಸಿಕೊಳ್ಳುವವಳಿಗೆ ದಿನಕ್ಕೆ ಎರಡು ಹೊತ್ತು ಮಾಸಿಯಾಗುವ ಅವಕಾಶ ಸಣ್ಣದಲ್ಲ. ಗಾಫ್‌ಮನ್ ಹೇಳುವ ಮರೆಮಾಚುವಿಕೆ ಸಾಧ್ಯವಾಗುವುದೂ ಇಲ್ಲಿಯೇ. ಬೆಳಗಿನ ಲೋಕಲ್‌ನಿಂದ ಇಳಿದು ಬರುವ ಸಾವಿರಾರು ಹೆಂಗಸರ ನಡುವೆ ಫುಟ್‌ಪಾತ್‌ನಿಂದ ಎದ್ದು ಬಂದವಳೂ ಒಬ್ಬಳಾಗಿ ಸೇರಿಹೋಗಬಲ್ಲಳು. ಒಗೆದ ಸೀರೆ, ಬಾಚಿ ಕಟ್ಟಿದ ತಲೆಗೂದಲು ಇಷ್ಟಿದ್ದರೆ ಸಾಕು. ಆದ್ದರಿಂದಲೇ ಬೀದಿ ಕೊಳಾಯಿಯಲ್ಲಿ ನಸುಕಿಗೆ ಮುಂಚೆ ಆಗುವ ಸ್ನಾನಕ್ಕೆ ಅಷ್ಟು ಬೆಲೆ. ಉಟ್ಟ ಬಟ್ಟೆಯ ಮೇಲೆಯೇ ನೀರು ಸುರಿದುಕೊಂಡು, ಯಾರ ಕಣ್ಣಿಗೂ ಬೀಳದಂತೆ ಸೀರೆ ಬದಲಿಸುವ ಆ ಕೌಶಲ ಹೊರಗಿನವರಿಗೆ ಬರಿಯ ದಾರಿದ್ರ್ಯದ ದೃಶ್ಯ. ಸ್ನಾನದ ನೀರಿಗಿಂತಲೂ ಹೆಚ್ಚು ಕಷ್ಟವಾದದ್ದು ಶೌಚದ ಪ್ರಶ್ನೆ. ಕಾಸು ಕೊಟ್ಟು ಬಳಸುವ ಶೌಚಾಲಯ ರಾತ್ರಿ ಮುಚ್ಚಿದ ಮೇಲೆ ಹೆಂಗಸು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾಳೆ. ಮಾನ ಕಾಪಾಡಿಕೊಳ್ಳುವ ಉಪಾಯ ದೇಹಕ್ಕೆ ಕಾಯಿಲೆ ತರುವುದು ಹೀಗೆ.

ಕೆಲವು ವರ್ಷಗಳ ಹಿಂದೆ ವಿಚಾರಸಂಕಿರಣವೊಂದರ ನಿಮಿತ್ತ ಆ ಭಾಗದಲ್ಲಿ ತಂಗಿದ್ದಾಗ ಅಂಗಡಿಗಳು ತೆರೆಯುವ ಮುಂಚೆ ಚೌಕದಿಂದ ನಿಲ್ದಾಣದವರೆಗೆ ನಡೆಯುವುದು ನನ್ನ ಅಭ್ಯಾಸವಾಗಿತ್ತು. ಕಣ್ಣಿಗೆ ಬಿದ್ದದ್ದು ಗುಡಿಸುವ ಕೆಲಸ. ಮೂರು ಮೊಳದ ಜಾಗವನ್ನು ಹೆಂಗಸರು ಗುಡಿಸಿ, ನೀರು ಚಿಮುಕಿಸಿ, ಚಾಪೆ ಸುತ್ತಿ, ಪಾತ್ರೆಗಳನ್ನು ಬೆಳಗಿ ಸಾಲಾಗಿಡುತ್ತಿದ್ದರು. ಪಕ್ಕದ ಸಂಸಾರದ ಜಾಗ ಎಲ್ಲಿ ಮೊದಲಾಗುತ್ತದೆಂಬುದಕ್ಕೆ ಗೋಡೆಯಿಲ್ಲ; ಪೊರಕೆ ಎಲ್ಲಿ ನಿಲ್ಲುತ್ತದೋ ಅದೇ ಗಡಿ. ಗೃಹಿಣಿಯ ಕೆಲಸ ಗೃಹವಿಲ್ಲದೆಯೂ ನಡೆಯುತ್ತದೆ. ಮನೆ ಇರುವುದರಿಂದ ಗೃಹಿಣಿಯೋ ಗೃಹಿಣಿ ಇರುವುದರಿಂದ ಮನೆಯೋ ಎಂಬ ಹಳೆಯ ಸುಭಾಷಿತಗಳ ಜಿಜ್ಞಾಸೆಗೆ ಅಲ್ಲೊಂದು ಉತ್ತರವಿತ್ತು. ಮುಂಗೈಯಲ್ಲಿ ಶಂಖದ ಬಳೆ, ಕೆಂಪು ‘ಪಲಾ’, ಬೈತಲೆಯಲ್ಲಿ ಸಿಂಧೂರ ಇವು ಹಿಂದೂ ಬಂಗಾಳಿ ಮುತ್ತೈದೆಯ ಲಕ್ಷಣಗಳು. ಗಂಡ ಎಂದೋ ಬಿಟ್ಟುಹೋಗಿದ್ದರೂ ಇವನ್ನು ತೆಗೆಯದಿರುವುದಕ್ಕೆ ಭಕ್ತಿಯೊಂದೇ ಕಾರಣವಲ್ಲ. ರಾತ್ರಿ ಬೀದಿಯಲ್ಲಿ ಮಲಗುವವಳಿಗೆ, ತನ್ನ ಹಿಂದೆ ಒಬ್ಬ ಗಂಡಸಿದ್ದಾನೆ ಎಂದು ಸಾರುವ ಆ ಬಳೆ ಒಂದು ಬಾಗಿಲಿನ ಕೆಲಸ ಮಾಡುತ್ತದೆ.

ಅಕ್ಕಮಹಾದೇವಿಯ ನೆನಪು ಇಲ್ಲಿ ಬಾರದಿರದು. ಹರಿಹರನ ರಗಳೆಯೂ ಶೂನ್ಯಸಂಪಾದನೆಗಳೂ ಅವಳನ್ನು ಮನೆ ತೊರೆದು ಹೊರಟ ಹೆಣ್ಣಾಗಿ ಚಿತ್ರಿಸುತ್ತವೆ. ಕಲ್ಯಾಣಕ್ಕೆ ಬಂದವಳನ್ನು ಅಲ್ಲಮ ಕೇಳುವುದು ಅವಳ ಪತಿ ಯಾರೆಂಬ ಕುರುಹನ್ನು. ಬೀದಿಯಲ್ಲಿ ನಿಂತ ಹೆಣ್ಣಿಗೆ ಹನ್ನೆರಡನೆಯ ಶತಮಾನದಲ್ಲಿಯೂ ಅದೇ ಪ್ರಶ್ನೆ. ಅವಳಿಗೆ ಚೆನ್ನಮಲ್ಲಿಕಾರ್ಜುನನ ಹೆಸರಿತ್ತು. ಆ ಹೆಸರನ್ನು ಮನ್ನಿಸುವ ಶರಣರ ಸಮುದಾಯವೂ ಇತ್ತು. ಬಂಗಾಳದಲ್ಲಿಯೂ ಮನೆಬಿಟ್ಟ ವೈಷ್ಣವಿಗೆ ‘ಬೋಷ್ಟಮಿ’ ಎಂಬ ಹೆಸರೂ ಕೊರಳಿಗೆ ತುಳಸೀಮಾಲೆಯೂ ದೊರೆಯುತ್ತಿದ್ದವು. ಧರ್ಮವು ಮನೆಯಿಲ್ಲದ ಹೆಣ್ಣಿಗೆ ಒಂದು ಅಂಗೀಕೃತ ವೇಷವನ್ನು ಕೊಡುತ್ತಿತ್ತು. ಆದರೆ ಮನೆಯನ್ನು ತೊರೆಯುವುದಕ್ಕೂ ಮನೆಯಿಂದ ನೂಕಲ್ಪಡುವುದಕ್ಕೂ ಅಂತರವಿದೆ. ಫುಟ್‌ಪಾತ್‌ನ ಹೆಂಗಸನ್ನು ಅಕ್ಕನ ಪರಂಪರೆಗೆ ಸೇರಿಸುವ ಉತ್ಸಾಹ ನಮ್ಮ ವಿಮರ್ಶೆಯಲ್ಲಿ ಆಗಾಗ ಕಾಣಿಸುತ್ತದೆ. ಆ ಉತ್ಸಾಹ ಅಕ್ಕನಿಗೂ ನ್ಯಾಯ ಮಾಡದು, ಈ ಹೆಂಗಸಿಗೂ ಮಾಡದು.

ಕಳಂಕಕ್ಕೆ ಶಾಸನದ ಚರಿತ್ರೆಯೂ ಇದೆ. 1943ರ ಕ್ಷಾಮದಲ್ಲಿ ಹಳ್ಳಿಗಳಿಂದ ಕಲ್ಕತ್ತೆಗೆ ನಡೆದು ಬಂದವರು ಮನೆಮನೆಯ ಮುಂದೆ ಅನ್ನವನ್ನಲ್ಲ, ‘ಫ್ಯಾನ್’ ಅಂದರೆ ಬಸಿದ ಗಂಜಿಯನ್ನು ಬೇಡುತ್ತಿದ್ದರು. ಕಲ್ಕತ್ತಾ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞ ತಾರಕಚಂದ್ರ ದಾಸ್ ಆ ನಿರ್ಗತಿಕರ ಸಮೀಕ್ಷೆ ನಡೆಸಿದರು. ಅದು 1949ರಲ್ಲಿ ಪುಸ್ತಕವಾಯಿತು. ಅದೇ 1943ರಲ್ಲಿ ಬಂಗಾಳದ ಅಲೆಮಾರಿತನ ಕಾಯಿದೆ ಜಾರಿಗೆ ಬಂದಿತು. ಭಿಕ್ಷೆ ಬೇಡುವವರು ಮಾತ್ರವಲ್ಲ, ಭಿಕ್ಷೆಯಿಂದ ಬದುಕುತ್ತಿರಬಹುದೆಂದು ತೋರುವಂಥ ಸ್ಥಿತಿಯಲ್ಲಿ ಸಾರ್ವಜನಿಕ ಜಾಗದಲ್ಲಿ ಇರುವವರೂ ಆ ಕಾಯಿದೆಯ ವ್ಯಾಖ್ಯೆಯೊಳಗೆ ಬರುತ್ತಾರೆ. ಅಂದರೆ ತೋರಿಕೆಯೇ ಅಪರಾಧ. ಒಗೆದ ಸೀರೆ ಬರಿಯ ಮಾನದ ಪ್ರಶ್ನೆಯಲ್ಲ, ಹಿಡಿದೊಯ್ಯುವವರಿಂದ ಪಾರಾಗುವ ಪ್ರಶ್ನೆಯೂ ಹೌದು ಎಂಬುದು ಇದರಿಂದ ತಿಳಿಯುತ್ತದೆ. ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯಿದೆಯಿದೆ. ಬೆಂಗಳೂರಿನ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರ ಆಗಸ್ಟಿನಲ್ಲಿ ಸಂಭವಿಸಿದ ಸಾವುಗಳನ್ನು ಕನ್ನಡ ಓದುಗರು ಮರೆತಿರಲಾರರು.

ಇದಕ್ಕೆ ಹೋಲಿಸಬೇಕಾದದ್ದು ದೇಶವಿಭಜನೆಯ ಅನುಭವ. ಪೂರ್ವ ಬಂಗಾಳದಿಂದ ಬಂದವರು ‘ಶರಣಾರ್ಥಿ’ ಎಂಬ ದೈನ್ಯದ ಪದವನ್ನು ಒಪ್ಪದೆ ‘ಉದ್ವಾಸ್ತು’, ‘ವಾಸ್ತುಹಾರಾ’ ಎಂದು ತಮ್ಮನ್ನು ಕರೆದುಕೊಂಡರು. ವಾಸ್ತು ಕಳೆದುಕೊಂಡವರು, ಆದ್ದರಿಂದ ವಾಸ್ತುವಿಗೆ ಹಕ್ಕುಳ್ಳವರು ಎಂಬುದು ಅದರ ಧ್ವನಿ. ನಾವು ಯಾರು ಎಂದು ಒಬ್ಬ ಕೂಗಿದರೆ ವಾಸ್ತುಹಾರಾ ಎಂದು ಮೆರವಣಿಗೆ ಉತ್ತರಿಸುತ್ತಿತ್ತು. ಗರಿಯಾಹಾಟಿನ ದಕ್ಷಿಣಕ್ಕೆ, ಜಾದವಪುರದ ಸುತ್ತ, ಅವರು ಖಾಲಿ ಜಾಗಗಳನ್ನು ಹಿಡಿದು ಕಾಲೊನಿಗಳನ್ನು ಕಟ್ಟಿದರು. ಆ ಹೋರಾಟದಲ್ಲಿ ಹೆಂಗಸರು ಮುಂದೆ ನಿಂತರು. ಮುಂದೆ ಶಾಲೆ ಕಛೇರಿಗಳ ನೌಕರಿಗೂ ಹೋದರು. ಋತ್ವಿಕ್ ಘಟಕರ 1960ರ ‘ಮೇಘೇ ಢಾಕಾ ತಾರಾ’ ಚಿತ್ರದ ನಾಯಕಿ ಅಂಥ ಮನೆಯ ಮಗಳು. ಆದರೆ ಗಂಡು ದಿಕ್ಕಿಲ್ಲದೆ ಬಂದ ಹೆಂಗಸರನ್ನು ಸರ್ಕಾರ ವೃದ್ಧರು, ಅಶಕ್ತರೊಡನೆ ಸೇರಿಸಿ ‘ಶಾಶ್ವತ ಹೊಣೆ’ ಎಂಬರ್ಥದ ವರ್ಗದಲ್ಲಿ ದಾಖಲಿಸಿ, ಬೇರೆ ಶಿಬಿರಗಳಲ್ಲಿಟ್ಟಿತು. ಮನೆ ಕಳೆದುಕೊಂಡವರಲ್ಲಿಯೇ ಗಂಡಸಿನ ಜೊತೆಯಿದ್ದವಳು ವಾಸ್ತುಹಾರಾ, ಇಲ್ಲದವಳು ಹೊರೆ. ಫುಟ್‌ಪಾತ್‌ಗೆ ಬಂದ ಇಪ್ಪತ್ನಾಲ್ಕು ಪರಗಣದ ಬಡವರಿಗಾದರೋ ಇಂಥ ಒಂದು ಸಾಮೂಹಿಕ ನಾಮ ದೊರೆಯಲೇ ಇಲ್ಲ. ಕಾಲೊನಿ ಕಟ್ಟಿದವರಿಗೆ ಅಕ್ಷರವಿತ್ತು, ಜಾತಿಯ ಬಲವಿತ್ತು, ಪಕ್ಷಗಳ ಸಂಪರ್ಕವಿತ್ತು. ಹಳ್ಳಿಯಿಂದ ಬಂದ ಕೂಲಿಗಿತ್ತಿಗೆ ಇವು ಇರಲಿಲ್ಲ. ಕಳಂಕವನ್ನು ಘೋಷಣೆಯಾಗಿ ತಿರುಗಿಸುವುದಕ್ಕೆ ಬಂಡವಾಳ ಬೇಕು.

ಸಾಮೂಹಿಕ ನಾಮವಿಲ್ಲದಲ್ಲಿ ಉಳಿಯುವ ದಾರಿ ದೂರ ಸರಿಯುವುದು. ತಾವು ದುಡಿದು ತಿನ್ನುವವರು, ಬೇಡುವವರಲ್ಲ ಎಂಬುದು ಫುಟ್‌ಪಾತ್‌ನ ಸಂಸಾರಸ್ಥ ಹೆಂಗಸರ ಮೊದಲ ಮಾತು. ಅದು ನಿಜ, ಆ ಅಭಿಮಾನವೂ ನ್ಯಾಯವಾದದ್ದೇ. ಆದರೆ ಹಾಗೆ ಕೆಳಗಿಳಿಸಿದ ಕಳಂಕ ಬೇರೊಬ್ಬಳ ಮೇಲೆ ಬೀಳುತ್ತದೆ. ಬೇಡುವ ಮುದುಕಿ, ಮೈ ಮಾರುವವಳೆಂದು ಶಂಕಿತಳಾದವಳು, ಎಲ್ಲಕ್ಕಿಂತ ಕೆಳಗೆ ಬುದ್ಧಿ ಸ್ಥಿಮಿತವಿಲ್ಲದ ಒಂಟಿ ಹೆಂಗಸು. ಈ ಕೊನೆಯವಳಿಗೆ ಊರು, ಕೆಲಸ, ಬಳೆ ಯಾವುದೂ ಇಲ್ಲ. ತನ್ನ ಹೆಸರನ್ನೇ ಹೇಳಲಾಗದಿರಬಹುದು. ಕಲ್ಕತ್ತೆಯಲ್ಲಿ 2007ರಿಂದ ಕೆಲಸ ಮಾಡುತ್ತಿರುವ ‘ಈಶ್ವರ ಸಂಕಲ್ಪ’ ಎಂಬ ಸಂಸ್ಥೆ ಇಂಥವರಿಗಾಗಿಯೇ ಚೇತ್ಲಾ ಭಾಗದಲ್ಲಿ ‘ಸರ್ವರಿ’ ಎಂಬ ಆಶ್ರಯತಾಣವನ್ನು ನಡೆಸುತ್ತ ಬಂದಿದೆ. ಬೀದಿಯಲ್ಲಿಯೇ ಚಿಕಿತ್ಸೆ ಕೊಡುವ ಅದರ ಇನ್ನೊಂದು ಕಾರ್ಯಕ್ರಮದಲ್ಲಿ ರೋಗಿಗೆ ಔಷಧ, ಊಟ ತಲುಪುವಂತೆ ನೋಡಿಕೊಳ್ಳುವವರು ಬಹುಮಟ್ಟಿಗೆ ಅದೇ ಬೀದಿಯ ಚಹಾದಂಗಡಿಯವರಂಥ ಜನ. ದೂರ ಸರಿದವರೇ ಹತ್ತಿರ ಬರುವ ಈ ಸಾಧ್ಯತೆಯನ್ನು ಅಮೆರಿಕದ ಸಿದ್ಧಾಂತ ಮುಂಗಂಡಿರಲಿಲ್ಲ.

ಆಶ್ರಯತಾಣಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. 2010ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ ಆಶ್ರಯತಾಣವಿರಬೇಕೆಂದು ಆದೇಶಿಸಿತು. 2013ರ ರಾಷ್ಟ್ರೀಯ ನಗರ ಜೀವನೋಪಾಯ ಯೋಜನೆ ಅದಕ್ಕೆ ಹಣದ ದಾರಿ ಮಾಡಿತು. ಸಂಸಾರಸ್ಥ ಹೆಂಗಸರು ಅಲ್ಲಿಗೆ ಹೋಗಲು ಹಿಂಜರಿಯುವುದನ್ನು ಅಧಿಕಾರಿಗಳು ಹಟವೆಂದು ತಿಳಿಯುತ್ತಾರೆ. ಗಂಡಸು ಹೆಂಗಸರನ್ನು ಬೇರೆ ಬೇರೆ ಇರಿಸುವ ಕಟ್ಟಡಕ್ಕೆ ಹೋದರೆ ಫುಟ್‌ಪಾತ್‌ನಲ್ಲಿ ಉಳಿಸಿಕೊಂಡಿದ್ದ ಗಿನ್ನಿಯ ಪದವಿಯನ್ನು ಬಿಟ್ಟು ಆಶ್ರಿತೆಯಾಗಬೇಕಾಗುತ್ತದೆಂಬುದು ಆ ಹಟದ ಹಿಂದಿನ ತರ್ಕ.

ಮತದಾರರ ಪಟ್ಟಿ ಈ ದೃಷ್ಟಿಯಿಂದ ಹೆಚ್ಚು ಕುತೂಹಲಕರವಾದ ದಾಖಲೆ. ವಸತಿರಹಿತರು ವಿಳಾಸದ ಪತ್ರವಿಲ್ಲದೆಯೂ ಹೆಸರು ಸೇರಿಸಿಕೊಳ್ಳಲು ಚುನಾವಣಾ ಆಯೋಗದ ನಿಯಮ ಅವಕಾಶ ಕೊಡುತ್ತದೆ. ಅರ್ಜಿಯಲ್ಲಿ ಬರೆದ ಜಾಗಕ್ಕೆ ಮತಗಟ್ಟೆ ಮಟ್ಟದ ಅಧಿಕಾರಿ ರಾತ್ರಿ ಹೊತ್ತು ಬಂದು, ಅರ್ಜಿದಾರಳು ನಿಜವಾಗಿ ಅಲ್ಲಿಯೇ ಮಲಗುತ್ತಾಳೆಯೇ ಎಂದು ಕಣ್ಣಾರೆ ನೋಡಬೇಕು. ಉಳಿದ ನಾಗರಿಕರ ನೆಲೆಗೆ ಕಾಗದ ಸಾಕ್ಷಿ. ಇವಳ ನೆಲೆಗೆ ನಿದ್ರಿಸುತ್ತಿರುವ ದೇಹವೇ ಸಾಕ್ಷಿ. ಇಷ್ಟು ದಿನ ರಾತ್ರಿಯಲ್ಲಿ ಯಾರಿಗೂ ಕಾಣದಂತೆ ಇರುವುದನ್ನು ರೂಢಿಸಿಕೊಂಡವಳು ಆ ರಾತ್ರಿಗಳಲ್ಲಿ ಕಾಣುವಂತೆ ಮಲಗಬೇಕು. ಅರ್ಜಿಯ ವಿಳಾಸದ ಕಲಮಿನಲ್ಲಿ ಅವಳು ಯಾವುದೋ ಸೀರೆಯಂಗಡಿಯ ಎದುರು ಎಂದು ಬರೆಸುತ್ತಾಳೆ. ಊರು ಯಾವುದೆಂದು ಅಧಿಕಾರಿ ಬಾಯಿಮಾತಿಗೆ ಕೇಳಿದರೆ, ಕ್ಯಾನಿಂಗ್ ಕಡೆಯದು ಎನ್ನುತ್ತಾಳೆ.